ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆ ಎಂಆರ್‌ಐ: ಕಾಂಟ್ರಾಸ್ಟ್ ಇಂಜೆಕ್ಷನ್ ಮಾಡುವ ಕೆಲಸವೇನು?

ವಯಸ್ಸು ಅರವತ್ತು ದಾಟಿದೆ. ಯಾವ ತೊಂದರೆಯೂ ಇಲ್ಲ. ಆದರೂ ಮನೆಯವರ ಒತ್ತಾಯಕ್ಕೆ ಆರೋಗ್ಯ ತಪಾಸಣೆ ಮಾಡಿಸಿದಾಗ ಪಿಎಸ್‌ಎ ಎಂಬ ಅಂಕಿ ಹೆಚ್ಚಿದೆ ಎಂದು ರಿಪೋರ್ಟ್ ಬರುತ್ತದೆ. ವೈದ್ಯರು 'ಎಂಆರ್‌ಐ ಪ್ರಾಸ್ಟೇಟ್, ಕಾಂಟ್ರಾಸ್ಟ್ ಸಹಿತ' ಎಂದು ಚೀಟಿ ಬರೆದುಕೊಡುತ್ತಾರೆ. ಅಲ್ಲಿಂದ ಪ್ರಶ್ನೆಗಳು ಶುರುವಾಗುತ್ತವೆ. ಇದು ಕ್ಯಾನ್ಸರೇ? ಸ್ಕ್ಯಾನ್ ಮಾಡಿಸಿದರೆ ಗೊತ್ತಾಗಿಬಿಡುತ್ತದೆಯೇ? ಕಾಂಟ್ರಾಸ್ಟ್ ಅಂದರೆ ಏನು, ಅದರಿಂದ ಕಿಡ್ನಿಗೆ ಪೆಟ್ಟು ಬೀಳುವುದಿಲ್ಲವೇ? ಅದು ಬೇಕೇ ಬೇಕೇ?

ಚುಟುಕಾಗಿ ಹೇಳುವುದಾದರೆ, ಕಾಂಟ್ರಾಸ್ಟ್ ಔಷಧ ಕ್ಯಾನ್ಸರನ್ನು ಗುರುತಿಸಿ ಬಣ್ಣ ಹಚ್ಚುವುದಿಲ್ಲ. ಗ್ರಂಥಿಯ ಯಾವ ಭಾಗಕ್ಕೆ ರಕ್ತ ಎಷ್ಟು ಬೇಗ ಬರುತ್ತದೆ, ಅಲ್ಲಿಂದ ಎಷ್ಟು ಬೇಗ ಹೋಗುತ್ತದೆ ಎಂಬುದನ್ನಷ್ಟೇ ಅದು ತೋರಿಸುತ್ತದೆ. ಆ ಸುಳಿವನ್ನು ಬೇರೆ ಎರಡು ಬಗೆಯ ಚಿತ್ರಗಳ ಜೊತೆ ಇಟ್ಟು ನೋಡಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಮೊದಲ ಬಾರಿಯ ಪತ್ತೆಯಲ್ಲಿ ಅದರ ಪಾತ್ರ ಈಗ ಚಿಕ್ಕದಾಗುತ್ತಿದೆ. ಆದರೆ ಚಿಕಿತ್ಸೆ ಮುಗಿದ ಮೇಲೆ ಕ್ಯಾನ್ಸರ್ ಮರಳಿದೆಯೇ ಎಂದು ಹುಡುಕುವಾಗ ಅದೇ ಮುಖ್ಯ ಸಾಕ್ಷಿ. ಇದು ಹೇಗೆ ಎನ್ನುವುದನ್ನು ಒಂದೊಂದಾಗಿ ನೋಡೋಣ.

ಗ್ರಂಥಿ ಎಲ್ಲಿದೆ, ಹೇಗಿದೆ?

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಕುಳಿತಿರುತ್ತದೆ. ಮೂತ್ರನಾಳ ಅದರ ನಡುವಿನಿಂದಲೇ ಹಾದುಹೋಗುತ್ತದೆ. ವೀರ್ಯದ ದ್ರವದ ಒಂದು ಪಾಲು ಇಲ್ಲಿ ತಯಾರಾಗುತ್ತದೆ. ಪ್ರಾಯದಲ್ಲಿ ಇದು ದೊಡ್ಡ ನೆಲ್ಲಿಕಾಯಿಯಷ್ಟು, ಅಂದರೆ 20ರಿಂದ 25 ಮಿಲಿಲೀಟರ್ ಗಾತ್ರ ಇರುತ್ತದೆ. ವಯಸ್ಸಾದಂತೆ ಹಿಗ್ಗಿ ಇದರ ಎರಡು ಮೂರು ಪಟ್ಟು ಆಗುವುದೂ ಉಂಟು. ಈ ಹಿಗ್ಗುವಿಕೆ ಕ್ಯಾನ್ಸರ್ ಅಲ್ಲ.

ಗ್ರಂಥಿಯೊಳಗೆ ಎರಡು ಭಾಗಗಳನ್ನು ನೆನಪಿಟ್ಟುಕೊಂಡರೆ ಮುಂದಿನದು ಸುಲಭವಾಗುತ್ತದೆ. ಹಿಂಬದಿಯಲ್ಲಿ, ಗುದನಾಳಕ್ಕೆ ಹತ್ತಿರವಾಗಿ ಇರುವುದು ಹೊರವಲಯ. ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 70ರಿಂದ 75ರಷ್ಟು ಹುಟ್ಟುವುದು ಇಲ್ಲಿ. ಮೂತ್ರನಾಳವನ್ನು ಸುತ್ತಿಕೊಂಡಿರುವುದು ಒಳವಲಯ. ವಯಸ್ಸಾದಾಗ ಹಿಗ್ಗಿ ಮೂತ್ರಕ್ಕೆ ಅಡ್ಡಿ ಮಾಡುವುದು ಈ ಭಾಗ. ಹಾಗಾಗಿಯೇ ಆರಂಭದ ಕ್ಯಾನ್ಸರ್ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವವರಲ್ಲಿ ಹೆಚ್ಚಿನವರ ತೊಂದರೆಗೆ ಕಾರಣ ಕ್ಯಾನ್ಸರ್ ಅಲ್ಲ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆ ನಡೆಸುವ ಕ್ಯಾನ್ಸರ್ ನೋಂದಣಿಯಲ್ಲೂ ಗಂಡಸರನ್ನು ಕಾಡುವ ಪ್ರಮುಖ ಕ್ಯಾನ್ಸರ್‌ಗಳ ಸಾಲಿನಲ್ಲಿ ಪ್ರಾಸ್ಟೇಟ್ ಇದೆ. ಅಂದರೆ ಇದು ನಮ್ಮ ನಡುವೆಯೇ ಇರುವ ಕಾಯಿಲೆ.

ಪಿಎಸ್‌ಎ ಹೇಳುವುದೆಷ್ಟು?

ಪಿಎಸ್‌ಎ ಎನ್ನುವುದು ಪ್ರಾಸ್ಟೇಟ್ ಜೀವಕೋಶಗಳು ತಯಾರಿಸುವ ಒಂದು ಪ್ರೋಟೀನು. ಅದರಲ್ಲಿ ಸ್ವಲ್ಪ ರಕ್ತಕ್ಕೂ ಸೇರುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ 4 ನ್ಯಾನೊಗ್ರಾಂ ದಾಟಿದರೆ ಎಚ್ಚರ ಎಂದು ಬಹಳ ಕಾಲದಿಂದ ಲೆಕ್ಕ ಹಿಡಿಯಲಾಗಿದೆ. ತೊಂದರೆ ಏನೆಂದರೆ, ಗ್ರಂಥಿ ಹಿಗ್ಗಿದರೂ ಪಿಎಸ್‌ಎ ಏರುತ್ತದೆ, ಸೋಂಕು ತಗುಲಿದರೂ ಏರುತ್ತದೆ, ಕ್ಯಾನ್ಸರ್ ಬಂದರೂ ಏರುತ್ತದೆ. ಇದು ಪ್ರಾಸ್ಟೇಟಿನ ಸೂಚಕವೇ ಹೊರತು ಕ್ಯಾನ್ಸರಿನ ಸೂಚಕವಲ್ಲ.

ಹಿಂದೆಲ್ಲ ಪಿಎಸ್‌ಎ ಏರಿದರೆ ನೇರವಾಗಿ ಬಯಾಪ್ಸಿ. ಗುದನಾಳದೊಳಗೆ ಅಲ್ಟ್ರಾಸೌಂಡ್ ಸಾಧನ ಇಟ್ಟು, ಗ್ರಂಥಿಯ ಬೇರೆ ಬೇರೆ ಕಡೆ ಸೂಜಿ ಹಾಕಿ, ಸಾಮಾನ್ಯವಾಗಿ 12 ತುಣುಕು ತೆಗೆಯುತ್ತಿದ್ದರು. ಅಲ್ಟ್ರಾಸೌಂಡ್‌ನಲ್ಲಿ ಗ್ರಂಥಿ ಕಾಣುತ್ತದೆ, ಕ್ಯಾನ್ಸರ್ ಬಹುತೇಕ ಕಾಣುವುದಿಲ್ಲ. ಹೊಲದಲ್ಲಿ ನೀರಿನ ಸೆಲೆ ಎಲ್ಲಿದೆ ಎಂದು ನೋಡದೆ ಹನ್ನೆರಡು ಕಡೆ ಬೋರ್ ಕೊರೆದ ಹಾಗೆ. ಇದರಿಂದ ಎರಡು ಬಗೆಯ ತಪ್ಪು ಆಗುತ್ತಿತ್ತು. ಅಪಾಯಕಾರಿ ಗಡ್ಡೆ ಸೂಜಿಗಳ ನಡುವೆ ತಪ್ಪಿಸಿಕೊಳ್ಳುತ್ತಿತ್ತು. ಯಾರಿಗೂ ತೊಂದರೆ ಕೊಡದೆ ಇದ್ದುಬಿಡಬಹುದಾಗಿದ್ದ ಸಣ್ಣ ಕ್ಯಾನ್ಸರ್ ಆಕಸ್ಮಿಕವಾಗಿ ಸಿಕ್ಕಿ, ಅದಕ್ಕೆ ದೊಡ್ಡ ಚಿಕಿತ್ಸೆಯೇ ನಡೆದುಹೋಗುತ್ತಿತ್ತು.

ಎರಡನೆಯ ತಪ್ಪೂ ಸಣ್ಣದಲ್ಲ. ಶಸ್ತ್ರಚಿಕಿತ್ಸೆ ಅಥವಾ ರೇಡಿಯೇಶನ್ ಆದವರಲ್ಲಿ ಹಲವರಿಗೆ ಮೂತ್ರ ಸೋರುವುದು, ಲೈಂಗಿಕ ಶಕ್ತಿ ಕುಂದುವುದು, ಮಲವಿಸರ್ಜನೆಯಲ್ಲಿ ವ್ಯತ್ಯಾಸ ಇವೆಲ್ಲ ಬರಬಹುದು. ಬ್ರಿಟನ್ನಿನಲ್ಲಿ ಗ್ರಂಥಿಯೊಳಗೇ ಇದ್ದ ಕ್ಯಾನ್ಸರ್ ಉಳ್ಳ 1,643 ಗಂಡಸರನ್ನು ಮೂರು ಗುಂಪು ಮಾಡಿ ನಡೆಸಿದ ಪ್ರೊಟೆಕ್ಟ್ ಅಧ್ಯಯನದ 15 ವರ್ಷಗಳ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆ, ರೇಡಿಯೇಶನ್, ಕೇವಲ ನಿಗಾ, ಯಾವ ಗುಂಪಿನಲ್ಲಿದ್ದರೂ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಸತ್ತವರು ನೂರಕ್ಕೆ ಸುಮಾರು ಮೂರು ಜನ ಮಾತ್ರ. ಹಾಗಾಗಿ ಇವತ್ತಿನ ಪ್ರಶ್ನೆ 'ಕ್ಯಾನ್ಸರ್ ಇದೆಯೇ' ಎಂಬುದಷ್ಟೇ ಅಲ್ಲ, 'ಚಿಕಿತ್ಸೆ ಬೇಕಾಗುವಂಥ ಕ್ಯಾನ್ಸರ್ ಇದೆಯೇ' ಎಂಬುದು. ಎಂಆರ್‌ಐ ಮುಂದೆ ಬಂದದ್ದು ಇದಕ್ಕೆ ಉತ್ತರ ಹುಡುಕಲು.

ಒಂದೇ ಸ್ಕ್ಯಾನ್, ಮೂರು ಬಗೆಯ ಚಿತ್ರ

ಎಂಆರ್‌ಐ ಯಂತ್ರ ಒಂದು ದೊಡ್ಡ ಅಯಸ್ಕಾಂತ. ನಮ್ಮ ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ಪರಮಾಣುಗಳನ್ನು ಅದು ರೇಡಿಯೋ ಅಲೆಗಳಿಂದ ತಟ್ಟಿ, ಅವು ಮರಳಿ ಕಳಿಸುವ ಸಂಕೇತದಿಂದ ಚಿತ್ರ ಕಟ್ಟುತ್ತದೆ. ಯಂತ್ರದ ಹೊಂದಾಣಿಕೆ ಬದಲಿಸಿದರೆ ಅದೇ ಜಾಗದ ಬೇರೆ ಬೇರೆ ಗುಣಗಳು ಕಾಣುತ್ತವೆ. ಪ್ರಾಸ್ಟೇಟ್‌ಗೆ ಮೂರು ಬಗೆ ಮುಖ್ಯ.

ಮೊದಲನೆಯದು ಟಿ2 ಚಿತ್ರ. ಇದು ಗ್ರಂಥಿಯ ನಕ್ಷೆ. ಆರೋಗ್ಯವಂತ ಹೊರವಲಯದಲ್ಲಿ ದ್ರವ ತುಂಬಿದ ಸಣ್ಣ ಸಣ್ಣ ನಾಳಗಳಿರುವುದರಿಂದ ಅದು ಬೆಳ್ಳಗೆ ಹೊಳೆಯುತ್ತದೆ. ಕ್ಯಾನ್ಸರ್ ಆ ನಾಳಗಳ ಜಾಗವನ್ನು ಆಕ್ರಮಿಸಿದಾಗ ಅಲ್ಲಿ ಕಪ್ಪು ಮಚ್ಚೆ ಕಾಣುತ್ತದೆ.

ಎರಡನೆಯದು ಡಿಫ್ಯೂಶನ್ ಚಿತ್ರ. ನೀರಿನ ಅಣುಗಳು ಎಷ್ಟು ಸಲೀಸಾಗಿ ಅಲೆದಾಡುತ್ತಿವೆ ಎಂಬುದನ್ನು ಇದು ಅಳೆಯುತ್ತದೆ. ಖಾಲಿ ಮೈದಾನದಲ್ಲಿ ಓಡಾಡುವುದಕ್ಕೂ ಸಂತೆಯ ನೂಕುನುಗ್ಗಲಲ್ಲಿ ನಡೆಯುವುದಕ್ಕೂ ಇರುವ ವ್ಯತ್ಯಾಸವಿದು. ಕ್ಯಾನ್ಸರ್ ಕೋಶಗಳು ಒತ್ತೊತ್ತಾಗಿ ಬೆಳೆದ ಕಡೆ ನೀರಿಗೆ ಅಲುಗಾಡಲು ಜಾಗವಿರುವುದಿಲ್ಲ. ಡಿಫ್ಯೂಶನ್ ಚಿತ್ರದಲ್ಲಿ ಆ ಜಾಗ ಬೆಳ್ಳಗೆ, ಅದರಿಂದ ಲೆಕ್ಕ ಹಾಕಿ ತೆಗೆದ ಎಡಿಸಿ ನಕ್ಷೆಯಲ್ಲಿ ಕಪ್ಪಗೆ ಕಾಣುತ್ತದೆ. ಸಾಮಾನ್ಯವಾಗಿ ಕ್ಯಾನ್ಸರ್ ಹೆಚ್ಚು ಉಗ್ರವಾದಷ್ಟೂ ಎಡಿಸಿ ಅಂಕಿ ಕಡಿಮೆಯಾಗುತ್ತದೆ.

ಮೂರನೆಯದು ಕಾಂಟ್ರಾಸ್ಟ್ ಚಿತ್ರ. ರೇಡಿಯಾಲಜಿಸ್ಟ್‌ಗಳು ಇದನ್ನು ಡಿಸಿಇ ಎನ್ನುತ್ತಾರೆ. ಮೂರೂ ಇದ್ದರೆ ಅದು ಮಲ್ಟಿಪ್ಯಾರಾಮೆಟ್ರಿಕ್ ಎಂಆರ್‌ಐ. ಕಾಂಟ್ರಾಸ್ಟ್ ಬಿಟ್ಟು ಮೊದಲ ಎರಡೇ ಇದ್ದರೆ ಬೈಪ್ಯಾರಾಮೆಟ್ರಿಕ್. ರಿಪೋರ್ಟ್‌ನಲ್ಲಿ ಈ ಹೆಸರುಗಳು ಕಂಡರೆ ಗಾಬರಿ ಬೇಡ, ವ್ಯತ್ಯಾಸ ಇಷ್ಟೇ.

ಗ್ಯಾಡೊಲಿನಿಯಂ ಎಂಬ ಲೋಹ

ಎಂಆರ್‌ಐ ಕಾಂಟ್ರಾಸ್ಟ್‌ನಲ್ಲಿರುವುದು ಗ್ಯಾಡೊಲಿನಿಯಂ. ಇದು ಪರಮಾಣು ಸಂಖ್ಯೆ 64 ಇರುವ ಒಂದು ವಿರಳ ಲೋಹ. ಇದರ ಅಯಾನಿನಲ್ಲಿ ಜೋಡಿಯಿಲ್ಲದ ಏಳು ಎಲೆಕ್ಟ್ರಾನುಗಳಿವೆ. ಹಾಗಾಗಿ ಇದು ಪುಟ್ಟ ಅಯಸ್ಕಾಂತದಂತೆ ವರ್ತಿಸಿ, ಪಕ್ಕದ ನೀರಿನ ಹೈಡ್ರೋಜನ್ ಬೇಗ ಚೇತರಿಸಿಕೊಂಡು ಜೋರಾದ ಸಂಕೇತ ಕೊಡುವಂತೆ ಮಾಡುತ್ತದೆ. ಔಷಧ ಇದ್ದ ಕಡೆ ಟಿ1 ಎಂಬ ಬಗೆಯ ಚಿತ್ರ ಬೆಳ್ಳಗಾಗುತ್ತದೆ.

ಬಿಡಿಯಾದ ಗ್ಯಾಡೊಲಿನಿಯಂ ದೇಹಕ್ಕೆ ವಿಷ. ಅದಕ್ಕೇ ಅದನ್ನು ಸಾವಯವ ಅಣುವೊಂದರೊಳಗೆ ಬಿಗಿದು ಕೊಡುತ್ತಾರೆ. ಇಂಥ ಮೊದಲ ಔಷಧಕ್ಕೆ ಅಮೆರಿಕದಲ್ಲಿ 1988ರಲ್ಲಿ ಅನುಮತಿ ಸಿಕ್ಕಿತು. ಲೋಹವನ್ನು ಹಿಡಿದಿಡುವ ಅಣು ಎರಡು ಬಗೆ. ಒಂದು ಉದ್ದ ಸರಪಳಿಯಂತಿದ್ದು ಲೋಹವನ್ನು ಸುತ್ತಿಕೊಳ್ಳುತ್ತದೆ, ಅದು ಲೀನಿಯರ್. ಇನ್ನೊಂದು ಮುಚ್ಚಿದ ಪಂಜರದಂತಿದ್ದು ಲೋಹವನ್ನು ಒಳಗೆ ಕೂಡಿಹಾಕುತ್ತದೆ, ಅದು ಮ್ಯಾಕ್ರೊಸೈಕ್ಲಿಕ್. ಪಂಜರದ ಬಗೆ ಹೆಚ್ಚು ಗಟ್ಟಿ. ಸುರಕ್ಷತೆಯ ಮಾತು ಬಂದಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ರಕ್ತ ಬೇಗ ಬಂದು ಬೇಗ ಹೋಗುವ ಜಾಗ

ಯಾವ ಗಡ್ಡೆಯೂ ಕೆಲವು ಮಿಲಿಮೀಟರ್ ದಾಟಿ ಬೆಳೆಯಬೇಕಾದರೆ ಅದಕ್ಕೆ ಆಮ್ಲಜನಕ, ಆಹಾರ ಬೇಕು. ಹಾಗಾಗಿ ಅದು ತನ್ನ ಕಡೆಗೆ ಹೊಸ ರಕ್ತನಾಳಗಳನ್ನು ಎಳೆದುಕೊಳ್ಳುತ್ತದೆ ಎಂಬ ವಿಚಾರವನ್ನು ಅಮೆರಿಕದ ಶಸ್ತ್ರವೈದ್ಯ ಜುಡಾ ಫೋಕ್‌ಮನ್ 1971ರಲ್ಲಿ ಮುಂದಿಟ್ಟರು. ಹೀಗೆ ಬೆಳೆದ ನಾಳಗಳು ಹೊಸ ಬಡಾವಣೆಗೆ ತರಾತುರಿಯಲ್ಲಿ ಎಳೆದ ನೀರಿನ ಪೈಪುಗಳಂತೆ. ಸಂಖ್ಯೆ ಜಾಸ್ತಿ, ಅಂಕುಡೊಂಕು ಜಾಸ್ತಿ, ಸೋರಿಕೆಯೂ ಜಾಸ್ತಿ.

ಕಾಂಟ್ರಾಸ್ಟ್ ಸ್ಕ್ಯಾನ್ ಹಿಡಿಯುವುದು ಇದನ್ನೇ. ಕೈಯ ರಕ್ತನಾಳಕ್ಕೆ ಪಂಪಿನ ಮೂಲಕ ಸೆಕೆಂಡಿಗೆ 2ರಿಂದ 3 ಮಿಲಿಲೀಟರ್ ವೇಗದಲ್ಲಿ ಔಷಧ ಹರಿಸುತ್ತಾರೆ. 70 ಕಿಲೊ ತೂಕದವರಿಗೆ, ಔಷಧದ ಸಾಂದ್ರತೆಯನ್ನು ನೋಡಿಕೊಂಡು, ಒಟ್ಟು ಸುಮಾರು 7ರಿಂದ 14 ಮಿಲಿಲೀಟರ್ ಸಾಕು. ಅದು ಹರಿಯುತ್ತಿರುವಾಗಲೇ ಇಡೀ ಗ್ರಂಥಿಯ ಚಿತ್ರವನ್ನು 15 ಸೆಕೆಂಡಿಗೊಮ್ಮೆ ಅಥವಾ ಅದಕ್ಕಿಂತ ಬೇಗ, ಕನಿಷ್ಠ ಎರಡು ನಿಮಿಷದವರೆಗೆ ಮತ್ತೆ ಮತ್ತೆ ತೆಗೆಯುತ್ತಾರೆ. ಇದು ಒಂದು ಫೋಟೊ ಅಲ್ಲ, ಪುಟ್ಟ ಸಿನಿಮಾ ಇದ್ದ ಹಾಗೆ. ಕ್ಯಾನ್ಸರ್ ಇರುವ ಜಾಗ ಅಕ್ಕಪಕ್ಕದ ಅಂಗಾಂಶಕ್ಕಿಂತ ಮೊದಲೇ ಬೆಳಗುತ್ತದೆ, ಹಲವು ಸಲ ಮೊದಲೇ ಮಂಕಾಗುತ್ತದೆ.

ಹಾಗಾದರೆ ಬೇಗ ಬೆಳಗಿದ್ದೆಲ್ಲ ಕ್ಯಾನ್ಸರೇ? ಅಲ್ಲ. ಸೋಂಕಿನಿಂದ ಊದಿಕೊಂಡ ಭಾಗಕ್ಕೂ ರಕ್ತ ಬೇಗ ನುಗ್ಗುತ್ತದೆ. ವಯಸ್ಸಿನಿಂದ ಹಿಗ್ಗಿದ ಒಳವಲಯದ ಗಂಟುಗಳೂ ಹಾಗೆಯೇ ಬೆಳಗುತ್ತವೆ. ಇನ್ನೊಂದೆಡೆ, ಕೆಲವು ಕ್ಯಾನ್ಸರ್‌ಗಳು ಬೇಗ ಬೆಳಗುವುದೇ ಇಲ್ಲ. ಕಾಂಟ್ರಾಸ್ಟ್ ಒಂದನ್ನೇ ನಂಬಿ ತೀರ್ಮಾನ ಹೇಳದಿರುವುದು ಇದೇ ಕಾರಣಕ್ಕೆ.

ಪೈ-ರ್ಯಾಡ್ಸ್: ಒಂದರಿಂದ ಐದು

ಬೇರೆ ಬೇರೆ ವೈದ್ಯರು ಒಂದೇ ಚಿತ್ರವನ್ನು ಬೇರೆ ಬೇರೆಯಾಗಿ ಓದಬಾರದೆಂದು 2012ರಲ್ಲಿ ಯುರೋಪಿನ ರೇಡಿಯಾಲಜಿ ತಜ್ಞರು ಪೈ-ರ್ಯಾಡ್ಸ್ ಎಂಬ ಅಂಕ ಪದ್ಧತಿ ತಂದರು. ಅದರ 2019ರ ಪರಿಷ್ಕೃತ ರೂಪಕ್ಕೆ 2.1 ಆವೃತ್ತಿ ಎಂದು ಹೆಸರು. ಪ್ರತಿ ಅನುಮಾನಾಸ್ಪದ ಜಾಗಕ್ಕೂ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 1 ಮತ್ತು 2 ಎಂದರೆ ಮಹತ್ವದ ಕ್ಯಾನ್ಸರ್ ಇರುವ ಸಾಧ್ಯತೆ ಕಡಿಮೆ. 4 ಮತ್ತು 5 ಎಂದರೆ ಹೆಚ್ಚು. 3 ಎಂದರೆ ಹೌದೆಂದೂ ಹೇಳಲಾಗದು, ಇಲ್ಲವೆಂದೂ ಹೇಳಲಾಗದು.

ಹೊರವಲಯದಲ್ಲಿ ಅಂಕ ನಿರ್ಧರಿಸುವುದು ಮುಖ್ಯವಾಗಿ ಡಿಫ್ಯೂಶನ್ ಚಿತ್ರ. ಒಳವಲಯದಲ್ಲಿ ಮುಖ್ಯವಾಗಿ ಟಿ2 ಚಿತ್ರ. ಕಾಂಟ್ರಾಸ್ಟ್‌ಗೆ ಇರುವುದು ಒಂದೇ ಒಂದು ಮತ. ಹೊರವಲಯದಲ್ಲಿ ಡಿಫ್ಯೂಶನ್ ಚಿತ್ರ 3 ಎಂದು ಹೇಳಿದ ಜಾಗ ಕಾಂಟ್ರಾಸ್ಟ್‌ನಲ್ಲಿ ಬೇಗ ಬೆಳಗಿದರೆ ಅದು 4 ಆಗುತ್ತದೆ. ಇಲ್ಲದಿದ್ದರೆ 3 ಆಗಿಯೇ ಉಳಿಯುತ್ತದೆ. ಒಳವಲಯದ ಅಂಕದಲ್ಲಿ ಅದಕ್ಕೆ ಮತವೇ ಇಲ್ಲ.

ಒಂದು ಮಾತು ಗಮನಿಸಿ. ಈ ಅಂಕ ಕ್ಯಾನ್ಸರಿನ ಹಂತವಲ್ಲ. 'ಪೈ-ರ್ಯಾಡ್ಸ್ 4' ಎಂದು ಓದಿ ನಾಲ್ಕನೇ ಹಂತದ ಕ್ಯಾನ್ಸರ್ ಎಂದು ಕಂಗಾಲಾಗುವವರಿದ್ದಾರೆ. ಇದು ಅನುಮಾನದ ಅಳತೆ, ಅಷ್ಟೇ. ಕ್ಯಾನ್ಸರ್ ಹೌದೋ ಅಲ್ಲವೋ, ಹೌದಾದರೆ ಎಷ್ಟು ಉಗ್ರ ಎನ್ನುವುದನ್ನು ಬಯಾಪ್ಸಿ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹೇಳಬೇಕು. ಆ ಉಗ್ರತೆಯ ಅಳತೆಗೆ ಗ್ಲೀಸನ್ ಅಂಕ ಎನ್ನುತ್ತಾರೆ. ಅದು ಬೇರೆ, ಇದು ಬೇರೆ.

ಎಂಆರ್‌ಐ ನಂಬಬಹುದೇ? ಅಧ್ಯಯನಗಳು ಹೇಳಿದ್ದು

2017ರಲ್ಲಿ ಬ್ರಿಟನ್ನಿನ ಪ್ರಾಮಿಸ್ ಅಧ್ಯಯನದ ಫಲಿತಾಂಶ ಬಂತು. 576 ಗಂಡಸರಿಗೆ ಕಾಂಟ್ರಾಸ್ಟ್ ಸಹಿತ ಎಂಆರ್‌ಐ ಮಾಡಿದರು, ಹಳೆಯ ಕ್ರಮದ ಬಯಾಪ್ಸಿ ಮಾಡಿದರು, ಜೊತೆಗೆ ಸತ್ಯ ತಿಳಿಯಲೆಂದು ಗ್ರಂಥಿಯ ಪ್ರತಿ 5 ಮಿಲಿಮೀಟರಿಗೆ ಒಂದರಂತೆ ತುಣುಕು ತೆಗೆದು ನೋಡಿದರು. ಮಹತ್ವದ ಕ್ಯಾನ್ಸರ್ ಇದ್ದವರಲ್ಲಿ ಎಂಆರ್‌ಐ ಹಿಡಿದದ್ದು ನೂರಕ್ಕೆ 93. ಹಳೆಯ ಬಯಾಪ್ಸಿ ಹಿಡಿದದ್ದು ನೂರಕ್ಕೆ 48. ಅರ್ಧಕ್ಕಿಂತ ಹೆಚ್ಚು ಮಹತ್ವದ ಕ್ಯಾನ್ಸರ್‌ಗಳು ಸೂಜಿಗಳ ನಡುವೆ ನುಸುಳಿಹೋಗಿದ್ದವು.

ಆದರೆ ಅದೇ ಅಧ್ಯಯನ ಎಂಆರ್‌ಐನ ಮಿತಿಯನ್ನೂ ತೋರಿಸಿತು. ಮಹತ್ವದ ಕ್ಯಾನ್ಸರ್ ಇಲ್ಲದವರನ್ನು ಸರಿಯಾಗಿ 'ಇಲ್ಲ' ಎಂದು ಹೇಳಿದ್ದು ನೂರಕ್ಕೆ 41 ಮಾತ್ರ. ಅಂದರೆ ಸುಳ್ಳು ಎಚ್ಚರಿಕೆ ಸಾಕಷ್ಟಿರುತ್ತದೆ. ಎಂಆರ್‌ಐ ಚೆನ್ನಾಗಿದೆ ಎಂದವರಲ್ಲೂ ನೂರಕ್ಕೆ 11 ಜನರಿಗೆ ಮಹತ್ವದ ಕ್ಯಾನ್ಸರ್ ಇತ್ತು.

ಮರುವರ್ಷ, 2018ರಲ್ಲಿ, 11 ದೇಶಗಳ 500 ಗಂಡಸರ ಮೇಲೆ ನಡೆದ ಪ್ರಿಸಿಶನ್ ಅಧ್ಯಯನ ಪ್ರಕಟವಾಯಿತು. ಅರ್ಧ ಜನರಿಗೆ ಮೊದಲು ಎಂಆರ್‌ಐ, ಅದರಲ್ಲಿ ಅನುಮಾನ ಬಂದರೆ ಆ ಜಾಗಕ್ಕೆ ಮಾತ್ರ ಗುರಿಯಿಟ್ಟು ಬಯಾಪ್ಸಿ. ಇನ್ನರ್ಧ ಜನರಿಗೆ ನೇರವಾಗಿ ಹಳೆಯ ಬಯಾಪ್ಸಿ. ಎಂಆರ್‌ಐ ಗುಂಪಿನಲ್ಲಿ ಮಹತ್ವದ ಕ್ಯಾನ್ಸರ್ ಸಿಕ್ಕಿದ್ದು ನೂರಕ್ಕೆ 38 ಜನರಲ್ಲಿ, ಹಳೆಯ ಕ್ರಮದಲ್ಲಿ 26. ಚಿಕಿತ್ಸೆ ಬೇಕಿಲ್ಲದ ಸಣ್ಣ ಕ್ಯಾನ್ಸರ್ ಸಿಕ್ಕಿದ್ದು ಎಂಆರ್‌ಐ ಗುಂಪಿನಲ್ಲಿ 9, ಹಳೆಯ ಕ್ರಮದಲ್ಲಿ 22. ಎಂಆರ್‌ಐ ಗುಂಪಿನ ನೂರಕ್ಕೆ 28 ಜನರಿಗೆ ಸೂಜಿಯೇ ಬೇಕಾಗಲಿಲ್ಲ. ಬೇಕಾದದ್ದು ಹೆಚ್ಚು ಸಿಕ್ಕಿತು, ಬೇಡದ್ದು ಕಡಿಮೆ ಸಿಕ್ಕಿತು. 'ಮೊದಲು ಎಂಆರ್‌ಐ, ಆಮೇಲೆ ಬಯಾಪ್ಸಿ' ಎಂಬ ಕ್ರಮ ಗಟ್ಟಿಯಾದದ್ದು ಇಂಥ ಪುರಾವೆಗಳಿಂದ.

ಹಾಗಾದರೆ ಕಾಂಟ್ರಾಸ್ಟ್ ಬೇಕೇ ಬೇಕೇ?

ಮೇಲಿನ ಎರಡೂ ಅಧ್ಯಯನಗಳಲ್ಲಿ ಕಾಂಟ್ರಾಸ್ಟ್ ಬಳಸಿದ್ದರು. ಆದರೆ ಅಂಕ ಪದ್ಧತಿಯಲ್ಲಿ ಅದಕ್ಕಿರುವುದು ಒಂದೇ ಮತ ಎಂದ ಮೇಲೆ, ಅದನ್ನು ಬಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಬಿಟ್ಟರೆ 30ರಿಂದ 40 ನಿಮಿಷದ ಸ್ಕ್ಯಾನ್ 15ರಿಂದ 20 ನಿಮಿಷಕ್ಕೆ ಇಳಿಯುತ್ತದೆ. ಖರ್ಚು ಕಡಿಮೆಯಾಗುತ್ತದೆ, ಸೂಜಿ ಚುಚ್ಚುವುದು ತಪ್ಪುತ್ತದೆ, ಅದೇ ಯಂತ್ರದಲ್ಲಿ ದಿನಕ್ಕೆ ಇನ್ನಷ್ಟು ಜನರನ್ನು ನೋಡಬಹುದು. ಎಂಆರ್‌ಐಗೆ ವಾರಗಟ್ಟಲೆ ಕಾಯಬೇಕಾದ ಕಡೆ ಇದು ಸಣ್ಣ ಲಾಭವಲ್ಲ.

ಇದಕ್ಕೆ ಉತ್ತರ ಹುಡುಕಿದ್ದು ಪ್ರೈಮ್ ಅಧ್ಯಯನ. 12 ದೇಶಗಳ 22 ಕೇಂದ್ರಗಳಲ್ಲಿ ನಡೆದ ಇದರ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಪ್ರತಿಯೊಬ್ಬರಿಗೂ ಪೂರ್ಣ ಸ್ಕ್ಯಾನ್ ಮಾಡಿದರು. ಆದರೆ ರೇಡಿಯಾಲಜಿಸ್ಟ್ ಮೊದಲು ಕಾಂಟ್ರಾಸ್ಟ್ ಚಿತ್ರ ನೋಡದೆ ತೀರ್ಪು ಬರೆಯಬೇಕು, ಆಮೇಲೆ ಅದನ್ನು ತೆರೆದು ಮತ್ತೊಮ್ಮೆ ಬರೆಯಬೇಕು. 490 ಗಂಡಸರಲ್ಲಿ ಕಾಂಟ್ರಾಸ್ಟ್ ಇಲ್ಲದೆ ಮಹತ್ವದ ಕ್ಯಾನ್ಸರ್ ಪತ್ತೆಯಾದದ್ದು 143 ಜನರಲ್ಲಿ, ಕಾಂಟ್ರಾಸ್ಟ್ ಸೇರಿಸಿದಾಗ 145 ಜನರಲ್ಲಿ. ಅಂದರೆ ಹೆಚ್ಚು ಕಡಿಮೆ ಒಂದೇ.

ಆದರೆ ಇಲ್ಲೊಂದು ಷರತ್ತಿದೆ. ಆ ಕೇಂದ್ರಗಳ ಚಿತ್ರದ ಗುಣಮಟ್ಟವನ್ನು ಪರಿಶೀಲಿಸಲಾಗಿತ್ತು. ಡಿಫ್ಯೂಶನ್ ಚಿತ್ರ ಸ್ಪಷ್ಟವಾಗಿದ್ದರೆ ಮಾತ್ರ ಕಾಂಟ್ರಾಸ್ಟ್ ಬಿಡಬಹುದು. ಚಿತ್ರ ಕೆಟ್ಟಿದ್ದರೆ ಕಾಂಟ್ರಾಸ್ಟ್ ಎನ್ನುವುದು ಸ್ಟೆಪ್ನಿ ಟೈರ್ ಇದ್ದ ಹಾಗೆ. ದಿನವೂ ಬೇಕಾಗುವುದಿಲ್ಲ, ಬೇಕಾದ ದಿನ ಇಲ್ಲದಿದ್ದರೆ ದಾರಿಯಲ್ಲೇ ನಿಲ್ಲಬೇಕಾಗುತ್ತದೆ.

ಕಾಂಟ್ರಾಸ್ಟ್ ಬಿಡಬಾರದ ಸಂದರ್ಭಗಳು

ಮೊದಲನೆಯದು, ಸೊಂಟದ ಕೀಲು ಬದಲಿಸಿಕೊಂಡವರು. ಆ ಲೋಹದಿಂದ ಡಿಫ್ಯೂಶನ್ ಚಿತ್ರ ತಿರುಚಿಕೊಳ್ಳುತ್ತದೆ. ಗುದನಾಳದಲ್ಲಿ ಗ್ಯಾಸ್ ತುಂಬಿಕೊಂಡಿದ್ದರೂ ಹೀಗೇ ಆಗುತ್ತದೆ. ಆಗ ಕಾಂಟ್ರಾಸ್ಟ್ ಚಿತ್ರವೇ ಆಸರೆ.

ಎರಡನೆಯದು, ಪ್ರಾಸ್ಟೇಟ್ ತೆಗೆಸಿಕೊಂಡ ಮೇಲೆ ಪಿಎಸ್‌ಎ ಮತ್ತೆ ಏರಿದವರು. ಗ್ರಂಥಿಯೇ ಇಲ್ಲದ ಜಾಗದಲ್ಲಿ ಉಳಿದಿರುವುದು ಗಾಯ ಮಾಗಿದ ಕಲೆಯೋ, ಮರಳಿ ಬಂದ ಕ್ಯಾನ್ಸರೋ? ಕಲೆಗೆ ರಕ್ತ ನಿಧಾನವಾಗಿ ಬರುತ್ತದೆ, ಕ್ಯಾನ್ಸರ್‌ಗೆ ಬೇಗ ಬರುತ್ತದೆ. ಮರುಕಳಿಕೆಯನ್ನು ಓದಲೆಂದೇ 2021ರಲ್ಲಿ ಬಂದ ಅಂಕ ಪದ್ಧತಿಯಲ್ಲಿ, ಶಸ್ತ್ರಚಿಕಿತ್ಸೆ ಆದವರಿಗೆ ಕಾಂಟ್ರಾಸ್ಟ್ ಚಿತ್ರಕ್ಕೇ ಮೊದಲ ಸ್ಥಾನ.

ಮೂರನೆಯದು, ರೇಡಿಯೇಶನ್ ಆದವರು. ರೇಡಿಯೇಶನ್ ನಂತರ ಗ್ರಂಥಿ ಪೂರ್ತಿ ಕುಗ್ಗಿ ಟಿ2 ಚಿತ್ರದಲ್ಲಿ ಎಲ್ಲೆಡೆ ಕಪ್ಪಾಗಿಬಿಡುತ್ತದೆ. ಕಪ್ಪಿನೊಳಗೆ ಕಪ್ಪನ್ನು ಹುಡುಕುವುದು ಕಷ್ಟ. ಅಂಥಲ್ಲಿ ಬೇಗ ಬೆಳಗುವ ಒಂದು ಚುಕ್ಕೆ ಎದ್ದು ಕಾಣುತ್ತದೆ. ಗಡ್ಡೆ ಇರುವ ಭಾಗವನ್ನಷ್ಟೇ ಸುಡುವ ಅಥವಾ ಹೆಪ್ಪುಗಟ್ಟಿಸುವ ಚಿಕಿತ್ಸೆ ಪಡೆದವರ ತಪಾಸಣೆಗೂ ಇದೇ ಮಾತು.

ಪತ್ತೆಯಾದ ಮೇಲೆ: ಎಷ್ಟು ಹರಡಿದೆ?

ಎಂಆರ್‌ಐನ ಕೆಲಸ ಪತ್ತೆಯಲ್ಲಿಗೇ ಮುಗಿಯುವುದಿಲ್ಲ. ಗಡ್ಡೆ ಗ್ರಂಥಿಯ ಹೊದಿಕೆ ದಾಟಿದೆಯೇ, ಮೇಲಿನ ವೀರ್ಯಕೋಶಗಳಿಗೆ ಹೊಕ್ಕಿದೆಯೇ, ಲೈಂಗಿಕ ನಿಮಿರುವಿಕೆಯನ್ನು ನಿಯಂತ್ರಿಸುವ ನರಗಳಿಗೆ ಎಷ್ಟು ಹತ್ತಿರವಿದೆ ಎಂಬುದನ್ನು ಶಸ್ತ್ರವೈದ್ಯರು ಮೊದಲೇ ತಿಳಿಯಬೇಕು. ಆ ನರಗಳನ್ನು ಉಳಿಸಬಹುದೇ ಎಂಬ ತೀರ್ಮಾನ ಇದರ ಮೇಲೆ ನಿಂತಿದೆ. ಹೊದಿಕೆಯ ಆಚೆಗೆ ಕೂದಲೆಳೆಯಷ್ಟು ಮಾತ್ರ ಹರಡಿದ್ದರೆ ಎಂಆರ್‌ಐಗೂ ಅದು ಕಾಣದೆ ಹೋಗಬಹುದು. ಮೂಳೆಗೆ, ದೂರದ ದುಗ್ಧಗ್ರಂಥಿಗಳಿಗೆ ಹರಡಿದೆಯೇ ಎಂದು ನೋಡಲು ಪಿಎಸ್‌ಎಂಎ ಪೆಟ್ ಸ್ಕ್ಯಾನ್‌ನಂಥ ಬೇರೆ ಪರೀಕ್ಷೆಗಳಿವೆ.

ಎಂಆರ್‌ಐ ಗ್ರಂಥಿಯ ಗಾತ್ರವನ್ನೂ ನಿಖರವಾಗಿ ಕೊಡುತ್ತದೆ. ಪಿಎಸ್‌ಎ ಅಂಕಿಯನ್ನು ಗಾತ್ರದಿಂದ ಭಾಗಿಸಿದರೆ ಪಿಎಸ್‌ಎ ಸಾಂದ್ರತೆ ಸಿಗುತ್ತದೆ. ಇಬ್ಬರಿಗೂ ಪಿಎಸ್‌ಎ 6 ಇದೆ ಎನ್ನಿ. ಒಬ್ಬರ ಗ್ರಂಥಿ 60 ಮಿಲಿಲೀಟರ್, ಸಾಂದ್ರತೆ 0.10. ಇನ್ನೊಬ್ಬರದು 30 ಮಿಲಿಲೀಟರ್, ಸಾಂದ್ರತೆ 0.20. ಸಾಮಾನ್ಯವಾಗಿ 0.15 ದಾಟಿದರೆ ಹೆಚ್ಚು ಎಚ್ಚರ ವಹಿಸುತ್ತಾರೆ. ಪೈ-ರ್ಯಾಡ್ಸ್ 3 ಬಂದು ಬಯಾಪ್ಸಿ ಬೇಕೋ ಬೇಡವೋ ಎಂದು ತೂಗಾಡುವಾಗ ಈ ಸರಳ ಭಾಗಾಕಾರ ನೆರವಿಗೆ ಬರುತ್ತದೆ.

ಕಾಂಟ್ರಾಸ್ಟ್ ಎಷ್ಟು ಸುರಕ್ಷಿತ?

ಕಿಡ್ನಿ ಚೆನ್ನಾಗಿದ್ದರೆ ಔಷಧದ ಬಹುಪಾಲು 24 ಗಂಟೆಯೊಳಗೆ ಮೂತ್ರದಲ್ಲಿ ಹೊರಹೋಗುತ್ತದೆ. ಕೆಲವರಿಗೆ ಸ್ವಲ್ಪ ಹೊತ್ತು ವಾಕರಿಕೆ, ತಲೆನೋವು, ಕೈ ತಣ್ಣಗಾದ ಅನುಭವ ಆಗುತ್ತದೆ. ಅಲರ್ಜಿ ಅಪರೂಪ, ತೀವ್ರ ಅಲರ್ಜಿ ಇನ್ನೂ ಅಪರೂಪ. ಆದರೂ ಹಿಂದೆ ಇಂಥ ಇಂಜೆಕ್ಷನ್‌ಗೆ ಅಲರ್ಜಿ ಆಗಿದ್ದರೆ ಮೊದಲೇ ಹೇಳಲೇಬೇಕು.

ಭಯಕ್ಕೆ ಕಾರಣವಾದ ಎರಡು ವಿಷಯಗಳಿವೆ. ಕಿಡ್ನಿ ತೀರಾ ಕೆಟ್ಟವರಲ್ಲಿ ಚರ್ಮ ಮತ್ತು ಒಳಾಂಗಗಳು ಗಡುಸಾಗುವ ಒಂದು ಗಂಭೀರ ಕಾಯಿಲೆಗೂ ಗ್ಯಾಡೊಲಿನಿಯಂಗೂ ನಂಟಿದೆ ಎಂದು 2006ರಲ್ಲಿ ತಿಳಿಯಿತು. ಹೆಚ್ಚಿನ ಪ್ರಕರಣಗಳು ಲೀನಿಯರ್ ಬಗೆಯ ಕೆಲವು ಔಷಧಗಳಿಂದ ಆಗಿದ್ದವು. ಕಿಡ್ನಿ ಪರೀಕ್ಷೆ ಮಾಡಿಸಿ, ಮ್ಯಾಕ್ರೊಸೈಕ್ಲಿಕ್ ಔಷಧ ಬಳಸತೊಡಗಿದ ಮೇಲೆ ಇದು ತೀರಾ ವಿರಳವಾಗಿದೆ. ಎರಡನೆಯದು, ಗ್ಯಾಡೊಲಿನಿಯಂನ ಸೂಕ್ಷ್ಮ ಅಂಶ ಮೆದುಳು, ಮೂಳೆಗಳಲ್ಲಿ ಉಳಿಯಬಹುದು ಎಂದು 2014ರ ನಂತರದ ಅಧ್ಯಯನಗಳು ತೋರಿಸಿದವು. ಕಿಡ್ನಿ ಸರಿಯಿರುವವರಲ್ಲಿ ಇದರಿಂದ ಹಾನಿಯಾಗಿದೆ ಎಂದು ಸಾಬೀತಾಗಿಲ್ಲ. ಆದರೂ ಮುನ್ನೆಚ್ಚರಿಕೆಯಾಗಿ ಯುರೋಪಿನ ಔಷಧ ಸಂಸ್ಥೆ 2017ರಲ್ಲಿ ಕೆಲವು ಲೀನಿಯರ್ ಔಷಧಗಳ ಬಳಕೆಯನ್ನು ತಡೆಹಿಡಿಯಿತು. ಬೇಕಾದಾಗ ಹೆದರದೆ ಬಳಸಬೇಕು, ಬೇಡದಿದ್ದಾಗ ರೂಢಿಗೆಂದು ಬಳಸಬಾರದು. ಇಷ್ಟೇ ಇದರ ಸಾರ.

ಸ್ಕ್ಯಾನ್ ದಿನ ಗಮನಿಸಬೇಕಾದ್ದು

ಪೇಸ್‌ಮೇಕರ್, ಮೆದುಳಿನ ರಕ್ತನಾಳದ ಕ್ಲಿಪ್, ದೇಹದೊಳಗೆ ಉಳಿದ ಲೋಹದ ಚೂರು ಇದ್ದರೆ ಹೆಸರು ಬರೆಸುವಾಗಲೇ ಹೇಳಿ. ಕಿಡ್ನಿ ತೊಂದರೆ ಇದ್ದರೆ ಇತ್ತೀಚಿನ ಕ್ರಿಯಾಟಿನಿನ್ ರಿಪೋರ್ಟ್ ಜೊತೆಗಿರಲಿ. ಮಲವಿಸರ್ಜನೆ ಮುಗಿಸಿಕೊಂಡು ಹೋದರೆ ಚಿತ್ರ ಚೆನ್ನಾಗಿ ಬರುತ್ತದೆ. ಕರುಳಿನ ಚಲನೆ ತಗ್ಗಿಸಲು ಕೆಲವು ಕಡೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಬಯಾಪ್ಸಿ ಆಗಿದ್ದರೆ ಅದರ ರಕ್ತ ಗ್ರಂಥಿಯಲ್ಲಿ ಉಳಿದು ಚಿತ್ರವನ್ನು ಗೊಂದಲಗೊಳಿಸುವುದರಿಂದ ಕನಿಷ್ಠ ಆರು ವಾರ ಬಿಟ್ಟು ಸ್ಕ್ಯಾನ್ ಮಾಡುವುದು ಒಳ್ಳೆಯದು. ಮೊದಲು ಎಂಆರ್‌ಐ ಮಾಡಿಸಿಕೊಳ್ಳುವುದರ ಇನ್ನೊಂದು ಲಾಭ ಇದು. ಯಂತ್ರದ ಸದ್ದು ಜೋರು, ಕಿವಿಗೆ ಮುಚ್ಚಳ ಕೊಡುತ್ತಾರೆ. ಅಲುಗಾಡದೆ ಮಲಗಿರುವುದೇ ನಿಮ್ಮ ಕೆಲಸ.

ತಪ್ಪು ತಿಳಿವಳಿಕೆ ಮತ್ತು ನಿಜ

'ಎಂಆರ್‌ಐನಿಂದ ರೇಡಿಯೇಶನ್ ತಗಲುತ್ತದೆ.' ಇಲ್ಲ. ಎಕ್ಸ್‌-ರೇ, ಸಿಟಿ ಸ್ಕ್ಯಾನ್‌ಗಳಲ್ಲಿರುವಂಥ ವಿಕಿರಣ ಇದರಲ್ಲಿಲ್ಲ.

'ಸಿಟಿ ಸ್ಕ್ಯಾನ್ ಕಾಂಟ್ರಾಸ್ಟೂ ಇದೂ ಒಂದೇ.' ಅಲ್ಲ. ಅಲ್ಲಿ ಬಳಸುವುದು ಅಯೋಡಿನ್ ಇರುವ ಔಷಧ, ಇಲ್ಲಿ ಗ್ಯಾಡೊಲಿನಿಯಂ. ಸೀಗಡಿ, ಏಡಿ ತಿಂದರೆ ಅಲರ್ಜಿ ಆಗುವವರಿಗೆ ಇದರಿಂದಲೂ ಆಗುತ್ತದೆ ಎಂಬುದಕ್ಕೆ ಆಧಾರವಿಲ್ಲ.

'ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ.' ಪ್ರಾಸ್ಟೇಟ್ ಬಯಾಪ್ಸಿಯಲ್ಲಿ ಇದು ಅತ್ಯಂತ ವಿರಳ. ಈ ಭಯದಿಂದ ಬಯಾಪ್ಸಿ ಮುಂದೂಡುವುದರಿಂದ ಆಗುವ ನಷ್ಟ ಅದಕ್ಕಿಂತ ದೊಡ್ಡದು. ಬಯಾಪ್ಸಿಯ ನಿಜವಾದ ತೊಂದರೆ ರಕ್ತಸ್ರಾವ ಮತ್ತು ಸೋಂಕು. ಗುದನಾಳದ ಬದಲು ಅದರ ಮುಂದಿನ ಚರ್ಮದ ಮೂಲಕ ಸೂಜಿ ಹಾಕುವ ವಿಧಾನದಲ್ಲಿ ಸೋಂಕಿನ ಭಯ ಕಡಿಮೆ.

'ಎಂಆರ್‌ಐ ಚೆನ್ನಾಗಿದೆ ಎಂದರೆ ಇನ್ನು ಯೋಚನೆಯೇ ಬೇಡ.' ಬಹುಮಟ್ಟಿಗೆ ನಿಜ, ಪೂರ್ತಿ ಅಲ್ಲ. ಪಿಎಸ್‌ಎ ಏರುತ್ತಲೇ ಇದ್ದರೆ, ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ ನಿಗಾ ಮುಂದುವರಿಸಬೇಕು.

ರಿಪೋರ್ಟ್ ಕೈಗೆ ಬಂದಾಗ

ವೈದ್ಯರನ್ನು ಕೇಳಲು ಐದು ಪ್ರಶ್ನೆಗಳು: ನನ್ನ ಪೈ-ರ್ಯಾಡ್ಸ್ ಅಂಕ ಎಷ್ಟು, ಅನುಮಾನದ ಜಾಗ ಹೊರವಲಯದಲ್ಲೋ ಒಳವಲಯದಲ್ಲೋ? ಚಿತ್ರದ ಗುಣಮಟ್ಟ ಚೆನ್ನಾಗಿತ್ತೇ? ಪಿಎಸ್‌ಎ ಸಾಂದ್ರತೆ ಎಷ್ಟು? ಬಯಾಪ್ಸಿ ಬೇಕಾದರೆ ಎಂಆರ್‌ಐ ತೋರಿಸಿದ ಜಾಗಕ್ಕೆ ಗುರಿಯಿಟ್ಟು ಮಾಡುತ್ತೀರಾ? ಕಾಂಟ್ರಾಸ್ಟ್ ಬರೆದಿದ್ದರೆ, ನನ್ನ ವಿಷಯದಲ್ಲಿ ಅದು ಯಾವ ಅನುಮಾನ ಬಗೆಹರಿಸುತ್ತದೆ?

ಕೊನೆಯ ಪ್ರಶ್ನೆ ಕೇಳಲು ಸಂಕೋಚ ಬೇಡ. ಹಿಂದೆ ಶಸ್ತ್ರಚಿಕಿತ್ಸೆಯೋ ರೇಡಿಯೇಶನ್ನೋ ಆಗಿದ್ದರೆ, ಸೊಂಟದಲ್ಲಿ ಲೋಹವಿದ್ದರೆ ಅದಕ್ಕೆ ಒಳ್ಳೆಯ ಉತ್ತರವೇ ಸಿಗುತ್ತದೆ. ಇದು ಮೊದಲ ಪರೀಕ್ಷೆಯಾಗಿದ್ದು, ಒಳ್ಳೆಯ ಯಂತ್ರ ಮತ್ತು ಅನುಭವಿ ರೇಡಿಯಾಲಜಿಸ್ಟ್ ಇದ್ದರೆ, ಇಂಜೆಕ್ಷನ್ ಇಲ್ಲದೆಯೂ ಸಾಕು ಎಂಬ ಉತ್ತರ ಬರಬಹುದು. ಯಾವ ಉತ್ತರ ಬಂದರೂ, ಪಿಎಸ್‌ಎ ಏರಿದೆ ಎಂದ ಮಾತ್ರಕ್ಕೆ ಕ್ಯಾನ್ಸರ್ ಎಂದು ಹೆದರಿ ಕೂರುವುದೂ ಬೇಡ, ರಿಪೋರ್ಟನ್ನು ಬೀರುವಿನಲ್ಲಿಟ್ಟು ಮರೆಯುವುದೂ ಬೇಡ. ಚಿಕಿತ್ಸೆ ಬೇಕಾದ ಕ್ಯಾನ್ಸರನ್ನು ಬೇಕಿಲ್ಲದ್ದರಿಂದ ಬೇರ್ಪಡಿಸಲು ಈಗ ದಾರಿ ಇದೆ. ನಿಮ್ಮ ಸಂದರ್ಭಕ್ಕೆ ಯಾವುದು ಸರಿ ಎಂಬುದನ್ನು ನಿಮ್ಮನ್ನು ನೋಡಿದ ಮೂತ್ರರೋಗ ತಜ್ಞರ ಜೊತೆ ಕೂತು ತೀರ್ಮಾನಿಸಿ.